ಟಪಾಲಿಗೂ ಕೆಲಸದ ಪಟ್ಟಿಗೂ ತಾಳೆ ಬೀಳದಾಗ

ಪರವೂರಿನಲ್ಲಿ ದುಡಿದು ಬದುಕುವ ನಮ್ಮ ಜನರಲ್ಲಿ ಹೆಚ್ಚಿನವರ ಬಂಡವಾಳ ಎರಡೇ: ಮೈಮುರಿದು ದುಡಿಯುವ ಶಕ್ತಿ ಒಂದು, ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮಾಡಿಕೊಡುವರೆಂಬ ಹೆಸರು ಇನ್ನೊಂದು. ಹೋಟೆಲಿನ ಗಲ್ಲೆಯಲ್ಲಿ ಕುಳಿತವರಿಗಾಗಲಿ, ಕಚೇರಿಯ ಮೇಜಿನ ಮುಂದೆ ಕುಳಿತ ಗುಮಾಸ್ತರಿಗಾಗಲಿ, ಈ ಎರಡನೆಯದಕ್ಕೆ ಕುಂದು ಬಂದರೆ ಮೊದಲನೆಯದರ ಬೆಲೆಯೂ ಇಳಿದುಹೋಗುತ್ತದೆ. ಹಿಂದೆ ಗೋಡೆಯ ಕ್ಯಾಲೆಂಡರಿನ ಮೇಲೂ ಕಿಸೆಯ ಡೈರಿಯಲ್ಲಿಯೂ ಬರೆದಿಟ್ಟುಕೊಳ್ಳುತ್ತಿದ್ದ ಕೆಲಸಗಳು ಈಗ ಕಂಪ್ಯೂಟರಿಗೂ ಫೋನಿಗೂ ಏರಿವೆ. ಗಿರಾಕಿಯ ಆರ್ಡರೂ ಸಾಹೇಬರ ಅಪ್ಪಣೆಯೂ ಇ-ಮೇಲಿನಲ್ಲಿಯೇ ಬರುತ್ತವೆ. ಆ ಪತ್ರಕ್ಕೆ ಒಂದು ಗುರುತು ಹಾಕಿದರೆ ಅದು ತಾನಾಗಿಯೇ ಫೋನಿನ ಕೆಲಸದ ಪಟ್ಟಿಯಲ್ಲಿ ಬಂದು ಕೂಡಬೇಕೆಂಬುದು ಏರ್ಪಾಡು. ಏರ್ಪಾಡು ನಡೆದರೆ ಸುಖವೇ ಸರಿ. ನಡೆಯದಿದ್ದ ದಿನ ಏನು ಮಾಡಬೇಕೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ.

ನಡುವಣ ಉಗ್ರಾಣ

ಮೈಕ್ರೋಸಾಫ್ಟ್ ಸಂಸ್ಥೆಯ ಔಟ್‌ಲುಕ್ ಎಂಬ ಟಪಾಲು ಪ್ರೋಗ್ರಾಮು ನಮ್ಮ ಗುಮಾಸ್ತರಿಗೆ ಬಹುಕಾಲದ ಪರಿಚಯದ್ದು. ಅದೇ ಸಂಸ್ಥೆಯು 2015ರಲ್ಲಿ ವುಂಡರ್‌ಲಿಸ್ಟ್ ಎಂಬ ಕೆಲಸದ ಪಟ್ಟಿಯನ್ನು ತಯಾರಿಸಿದ್ದ ಜರ್ಮನಿಯ ಕಂಪನಿಯನ್ನು ಕೊಂಡುಕೊಂಡು, 2017ರಲ್ಲಿ ಟು ಡೂ ಎಂಬ ತನ್ನದೇ ಪಟ್ಟಿಯನ್ನು ಹೊರತಂದಿತು. ವುಂಡರ್‌ಲಿಸ್ಟನ್ನು 2020ರ ಮೇ 6ರಂದು ಮುಚ್ಚಲಾಯಿತು. ಔಟ್‌ಲುಕ್‌ನಲ್ಲಿ ಪತ್ರಕ್ಕೆ ಬಾವುಟದ ಗುರುತು ಹಾಕಿದರೆ ಅದು ಟು ಡೂವಿನಲ್ಲಿ ಒಂದು ಕೆಲಸವಾಗಿ ಕಾಣಬೇಕು. ಅಲ್ಲಿ ಕೆಲಸ ಮುಗಿಯಿತೆಂದು ಗುರುತಿಸಿದರೆ ಇಲ್ಲಿ ಬಾವುಟವೂ ಮುಗಿದುದಾಗಿ ತೋರಬೇಕು.

ಇವೆರಡೂ ನೇರವಾಗಿ ಒಂದರೊಡನೊಂದು ಮಾತನಾಡುತ್ತವೆಂದು ಅನೇಕರು ಭಾವಿಸಿರುತ್ತಾರೆ. ಹಾಗಲ್ಲ. ನಡುವೆ ದೂರದಲ್ಲೊಂದು ಉಗ್ರಾಣವಿದೆ. ಅದಕ್ಕೆ ಸರ್ವರ್ ಎಂದು ಹೆಸರು. ಪತ್ರವೂ ಬಾವುಟವೂ ಕೆಲಸವೂ ಇರುವುದು ಆ ಉಗ್ರಾಣದಲ್ಲಿ. ಕಂಪ್ಯೂಟರಿನ ಔಟ್‌ಲುಕ್ ಒಂದು ಕಿಟಕಿ, ಫೋನಿನ ಟು ಡೂ ಇನ್ನೊಂದು ಕಿಟಕಿ. ಎರಡು ಕಿಟಕಿಗಳೂ ಒಂದೇ ಉಗ್ರಾಣಕ್ಕೆ ತೆರೆದಿದ್ದರೆ ಎರಡರಲ್ಲಿಯೂ ಒಂದೇ ಸಾಮಾನು ಕಾಣುವುದು. ಈ ಒಂದು ಮಾತು ಮನಸ್ಸಿಗೆ ಹತ್ತಿತೆಂದರೆ ಅರ್ಧ ತೊಡಕು ಬಿಡಿಸಿದಂತೆಯೇ.

ಮೊದಲ ಪರೀಕ್ಷೆ

ಕಿರ್ದಿಗೂ ಖಾತೆಗೂ ತಾಳೆ ಬೀಳದಾಗ ಅನುಭವಿ ಗುಮಾಸ್ತನು ಮೊದಲು ಮೂಲ ರಸೀತಿಯನ್ನು ತೆಗೆದು ನೋಡುತ್ತಾನೆಯೇ ಹೊರತು ಎರಡು ಪುಸ್ತಕಗಳನ್ನೂ ತಿದ್ದುತ್ತಾ ಕೂಡುವುದಿಲ್ಲ. ಇಲ್ಲಿಯೂ ಅದೇ ಕ್ರಮ. ಬ್ರೌಸರನ್ನು ತೆರೆದು, ಔಟ್‌ಲುಕ್‌ನ ಅಂತರ್ಜಾಲ ಪುಟವನ್ನೂ ಟು ಡೂವಿನ ಅಂತರ್ಜಾಲ ಪುಟವನ್ನೂ ನೋಡಬೇಕು. ಇವು ಉಗ್ರಾಣದಲ್ಲಿರುವುದನ್ನು ನೇರವಾಗಿ ತೋರಿಸುತ್ತವೆ. ಅಲ್ಲಿ ಕೆಲಸ ಕಂಡು ಫೋನಿನಲ್ಲಿ ಕಾಣದಿದ್ದರೆ ದೋಷ ಫೋನಿನದು. ಕಂಪ್ಯೂಟರಿನಲ್ಲಿ ಹಾಕಿದ ಬಾವುಟ ಅಂತರ್ಜಾಲದ ಟಪಾಲಿನಲ್ಲಿಯೇ ಇಲ್ಲವಾದರೆ ದೋಷ ಕಂಪ್ಯೂಟರಿನದು. ಟಪಾಲಿನಲ್ಲಿ ಬಾವುಟವಿದ್ದು ಪಟ್ಟಿಯಲ್ಲಿ ಮಾತ್ರ ಇಲ್ಲದಿದ್ದರೆ ದೋಷ ಖಾತೆಯಲ್ಲಿಯೋ ಪಟ್ಟಿಯ ಸೆಟ್ಟಿಂಗ್‌ನಲ್ಲಿಯೋ ಇದೆಯೆಂದು ತಿಳಿಯಬೇಕು. ಐದು ನಿಮಿಷದ ಈ ಪರೀಕ್ಷೆಯು ಅರ್ಧ ದಿನದ ಪರದಾಟವನ್ನು ತಪ್ಪಿಸುತ್ತದೆ.

ಕಾರಣಗಳು ಯಾವುವು?

ಎಲ್ಲಕ್ಕಿಂತ ಸಾಮಾನ್ಯವಾದುದು ಖಾತೆಯ ಗೊಂದಲ. ಕಚೇರಿಯವರು ಕೊಟ್ಟ ವಿಳಾಸ ಒಂದು, ಸ್ವಂತದ್ದು ಇನ್ನೊಂದು. ಕಂಪ್ಯೂಟರಿನಲ್ಲಿ ಮೊದಲನೆಯದರಿಂದಲೂ ಫೋನಿನಲ್ಲಿ ಎರಡನೆಯದರಿಂದಲೂ ಒಳಹೊಕ್ಕಿದ್ದರೆ ಎರಡು ಕಿಟಕಿಗಳು ಎರಡು ಬೇರೆ ಉಗ್ರಾಣಗಳಿಗೆ ತೆರೆದಂತಾಯಿತು. ಎಷ್ಟು ಕಾದರೂ ತಾಳೆ ಬೀಳದು. ಎರಡೂ ಕಡೆ ಖಾತೆಯ ಹೆಸರನ್ನು ಅಕ್ಷರಶಃ ಹೋಲಿಸಿ ನೋಡತಕ್ಕದ್ದು.

ಎರಡನೆಯದು ಖಾತೆಯ ಜಾತಿ. ಪಾಪ್ ಎಂಬ ಪದ್ಧತಿಯು ಪತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದಷ್ಟೇ ಬಲ್ಲದು. ಐಮ್ಯಾಪ್ ಎಂಬುದು ಪತ್ರವನ್ನು ಸರ್ವರಿನಲ್ಲಿಯೇ ಇಟ್ಟು ಎಲ್ಲ ಕಡೆ ತೋರಿಸುತ್ತದಾದರೂ ಕೆಲಸದ ಪಟ್ಟಿಯನ್ನು ಹೊರುವುದಿಲ್ಲ. ಈ ಬಗೆಯ ಖಾತೆಗಳಲ್ಲಿ ಹಳೆಯ ಔಟ್‌ಲುಕ್ ಪ್ರೋಗ್ರಾಮು ಕೆಲಸಗಳನ್ನು ಆ ಕಂಪ್ಯೂಟರಿನಲ್ಲಿಯೇ ಕೂಡಿಟ್ಟುಕೊಳ್ಳುತ್ತದೆ. ಅವು ಫೋನಿಗೆ ಹೋಗುವ ದಾರಿಯೇ ಇಲ್ಲ. ಟು ಡೂವಿನೊಡನೆ ಹೊಂದಿಕೊಳ್ಳುವುದು ಮೈಕ್ರೋಸಾಫ್ಟ್‌ನವರ ಸರ್ವರಿನಲ್ಲಿರುವ ಖಾತೆ ಮಾತ್ರ.

ಮೂರನೆಯದು, ಟು ಡೂವಿನ ಸೆಟ್ಟಿಂಗ್‌ನಲ್ಲಿ ಬಾವುಟದ ಪತ್ರಗಳ ಪಟ್ಟಿಯೇ ಮುಚ್ಚಿರಬಹುದು. ಅದನ್ನು ತೆರೆಯಬೇಕು. ತೆರೆದೊಡನೆ ವರ್ಷಗಳ ಹಿಂದಿನ ಬಾವುಟಗಳೆಲ್ಲ ಬಂದು ಕೂಡುವುವೆಂದು ನಿರೀಕ್ಷಿಸಕೂಡದು. ಇತ್ತೀಚಿನವು ಮಾತ್ರ ಬರುತ್ತವೆ.

ನಾಲ್ಕನೆಯದು ಸಂಪರ್ಕ. ಹಳೆಯ ಔಟ್‌ಲುಕ್‌ನಲ್ಲಿ ‘ವರ್ಕ್ ಆಫ್‌ಲೈನ್’ ಎಂಬ ಗುಂಡಿ ಕೈತಪ್ಪಿ ಒತ್ತಿಹೋಗಿದ್ದರೆ ಪ್ರೋಗ್ರಾಮು ಸರ್ವರಿನ ಸಂಗಡ ಮಾತನಾಡುವುದನ್ನೇ ನಿಲ್ಲಿಸುತ್ತದೆ; ಪರದೆಯ ಕೆಳಸಾಲಿನಲ್ಲಿ ಅದರ ಸೂಚನೆ ಇರುತ್ತದೆ. ಫೋನಿನಲ್ಲಿ ಬ್ಯಾಟರಿ ಉಳಿಸುವ ವ್ಯವಸ್ಥೆಯು ತೆರೆಯದಿರುವ ಆ್ಯಪುಗಳನ್ನು ಮಲಗಿಸಿಬಿಡುತ್ತದೆ. ಟು ಡೂವನ್ನು ಅದರಿಂದ ಹೊರಗಿಡಬೇಕು.

ಐದನೆಯದು ಪ್ರವೇಶದ ತೊಡಕು. ಪಾಸ್‌ವರ್ಡ್ ಬದಲಾದ ಮೇಲೆ ಒಂದು ಕಡೆ ಹೊಸದನ್ನು ಕೊಟ್ಟು ಇನ್ನೊಂದು ಕಡೆ ಮರೆತರೆ ಆ ಕಡೆಯ ಕಿಟಕಿ ಮುಚ್ಚಿಕೊಳ್ಳುತ್ತದೆ. ಇದಲ್ಲದೆ, 2022ರ ಅಕ್ಟೋಬರ್ 1ರಿಂದ ಮೊದಲುಗೊಂಡು, ಬರಿಯ ಪಾಸ್‌ವರ್ಡಿನಿಂದ ಒಳಬರುವ ಹಳೆಯ ಪದ್ಧತಿಯನ್ನು ಮೈಕ್ರೋಸಾಫ್ಟ್‌ನವರು ಕಚೇರಿಯ ಖಾತೆಗಳಲ್ಲಿ ನಿಲ್ಲಿಸುತ್ತ ಬಂದರು. ಆದುದರಿಂದ 2010ರ ಔಟ್‌ಲುಕ್‌ನಂತಹ ಹಳೆಯ ಆವೃತ್ತಿಗಳು ಎಷ್ಟು ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಆ ಖಾತೆಗಳಿಗೆ ಸೇರಲಾರವು. ಅಲ್ಲಿ ಹೊಸ ಆವೃತ್ತಿಯೇ ಮದ್ದು.

ಇನ್ನು ಕೆಲವು ದೋಷವೇ ಅಲ್ಲ. ಟು ಡೂವಿನಲ್ಲಿ ಕೆಲಸದ ಕೆಳಗೆ ಬರೆದ ಸಣ್ಣ ಸಣ್ಣ ಹಂತಗಳು ಹಳೆಯ ಔಟ್‌ಲುಕ್‌ನಲ್ಲಿ ಕಾಣವು. ಔಟ್‌ಲುಕ್‌ನಲ್ಲಿ ಬರೆದ ಆರಂಭದ ತಾರೀಖೂ ಶೇಕಡಾ ಎಷ್ಟು ಮುಗಿಯಿತೆಂಬ ಲೆಕ್ಕವೂ ಟು ಡೂವಿನಲ್ಲಿ ಕಾಣವು. ಅವುಗಳಿಗೆ ಅಲ್ಲಿ ಸ್ಥಳವೇ ಇಲ್ಲ.

ಹತ್ತು ಮಂದಿಯ ಪೆಟ್ಟಿಗೆ

ಹೋಟೆಲಿನವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ಆರ್ಡರುಗಳಿಗೆಂದು ಹೋಟೆಲಿನ ಹೆಸರಿನಲ್ಲಿ ಒಂದು ಸಾಮಾನ್ಯ ಟಪಾಲು ಪೆಟ್ಟಿಗೆಯನ್ನಿಟ್ಟು, ಮೇನೇಜರೂ ಗಲ್ಲೆಯವರೂ ತಮ್ಮ ತಮ್ಮ ಖಾತೆಗಳಿಂದ ಅದನ್ನು ತೆರೆದು ನೋಡುವ ಏರ್ಪಾಡು ಉಂಟು. ಶನಿವಾರ ಬೆಳಿಗ್ಗೆ ಇನ್ನೂರು ಜನರ ಉಪಾಹಾರಕ್ಕೆ ಒಂದು ಕಚೇರಿಯಿಂದ ಆರ್ಡರು ಬಂತೆನ್ನೋಣ. ಮೇನೇಜರು ಆ ಪತ್ರಕ್ಕೆ ಬಾವುಟ ಹಾಕಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ. ಆದರೆ ಸಾಮಾನ್ಯ ಪೆಟ್ಟಿಗೆಯಲ್ಲಿ ಹಾಕಿದ ಬಾವುಟವು ಯಾರ ಟು ಡೂ ಪಟ್ಟಿಗೂ ಬರುವುದಿಲ್ಲ. ಸ್ವಂತ ಪೆಟ್ಟಿಗೆಯ ಬಾವುಟಗಳು ಮಾತ್ರ ಬರುತ್ತವೆ. ಶುಕ್ರವಾರ ರಾತ್ರಿ ಅಕ್ಕಿ ನೆನೆಯದೆ, ಹಿಟ್ಟು ರುಬ್ಬದೆ ಉಳಿದರೆ, ಶನಿವಾರ ಬೆಳಿಗ್ಗೆ ಯಾವ ಅಡಿಗೆಯವರೂ ಇಡ್ಲಿಯನ್ನು ಎಬ್ಬಿಸಲಾರರು. ಬೈಗುಳವಂತೂ ಏನೂ ಅರಿಯದ ಹುಡುಗರ ತಲೆಗೆ ಬೀಳುತ್ತದೆ. ಇದಕ್ಕೆ ಪರಿಹಾರ ಸುಲಭ: ಅಂತಹ ಪತ್ರವನ್ನು ಹೊಣೆಗಾರರ ಸ್ವಂತ ವಿಳಾಸಕ್ಕೆ ಕಳುಹಿಸಿ, ಬಾವುಟವನ್ನು ಅಲ್ಲಿ ಹಾಕಬೇಕು, ಇಲ್ಲವೆ ಕೆಲಸವನ್ನು ಕೈಯಾರೆ ಪಟ್ಟಿಗೆ ಬರೆಯಬೇಕು.

ಕೈಯಾಡಿಸುವ ಮುನ್ನ

ಎಲ್ಲ ನೋಡಿದರೂ ಸರಿಹೋಗದಿದ್ದರೆ ಖಾತೆಯಿಂದ ಹೊರಬಂದು ಮತ್ತೆ ಒಳಹೋಗುವುದು, ಆ್ಯಪನ್ನು ತೆಗೆದು ಪುನಃ ಹಾಕುವುದು ಮುಂತಾದ ಉಪಾಯಗಳಿವೆ. ಆದರೆ ಅದಕ್ಕೆ ಮೊದಲು ಉಗ್ರಾಣವನ್ನು ಇನ್ನೂ ಮುಟ್ಟದ ಕೆಲಸಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಫೋನಿನಲ್ಲಿಯೇ ಉಳಿದವು ಆ್ಯಪಿನೊಡನೆ ಅಳಿಸಿಹೋಗಬಹುದು. ಹಳೆಯ ಔಟ್‌ಲುಕ್‌ನ ಒಎಸ್‌ಟಿ ಎಂಬ ಕಡತವು ಸರ್ವರಿನ ನಕಲು. ಅದು ಕೆಟ್ಟರೆ ಸರ್ವರಿನಿಂದ ಮತ್ತೆ ಕಟ್ಟಿಕೊಳ್ಳುತ್ತದೆ. ಪಿಎಸ್‌ಟಿ ಎಂಬುದು ಹಾಗಲ್ಲ. ಅದರಲ್ಲಿರುವುದು ಬೇರೆಲ್ಲಿಯೂ ಇಲ್ಲದಿರಬಹುದು. ಅದನ್ನು ಅಳಿಸುವ ಸಾಹಸಕ್ಕೆ ಯಾರೂ ಕೈಹಾಕಬಾರದು. ‘ಸರಿಮಾಡಿಕೊಡುತ್ತೇವೆ’ ಎಂದು ಫೋನು ಮಾಡುವ ಅಪರಿಚಿತರಿಗೆ ಪಾಸ್‌ವರ್ಡನ್ನಾಗಲಿ ಓಟಿಪಿಯನ್ನಾಗಲಿ ಹೇಳಲೇಬಾರದು. ಕಚೇರಿಯ ಖಾತೆಯಾದರೆ ಅಲ್ಲಿಯ ಕಂಪ್ಯೂಟರ್ ವಿಭಾಗದವರಿಗೇ ತಿಳಿಸತಕ್ಕದ್ದು.

ಹೊಸ ಫೋನು ಕೊಂಡ ದಿನ, ಪಾಸ್‌ವರ್ಡ್ ಬದಲಿಸಿದ ದಿನ, ಒಂದು ಪತ್ರಕ್ಕೆ ಬಾವುಟ ಹಾಕಿ ಅದು ಪಟ್ಟಿಯಲ್ಲಿ ಬಂತೇ ಎಂದು ನೋಡಿಕೊಳ್ಳುವ ಅಭ್ಯಾಸವಿರಲಿ. ಹೆಸರೂ ಹಣವೂ ಅವಲಂಬಿಸಿರುವ ಕೆಲಸವನ್ನು ಮಾತ್ರ ಗಲ್ಲೆಯ ಪುಸ್ತಕದಲ್ಲಿಯೂ ಒಂದು ಸಾಲು ಬರೆದಿಡುವುದು ಮೇಲು. ಯಂತ್ರವು ನಮ್ಮ ನೆನಪಿಗೆ ಊರುಗೋಲು, ನಡೆಯಬೇಕಾದವರು ನಾವೇ.