ಬಾಗಿದ ಅಲಗು



ಹನೂರಿನ ಕಡೆಯ ವಿದ್ಯಾರ್ಥಿಯೊಬ್ಬನು ಈಚೆಗೆ ನನ್ನ ಬಳಿಗೆ ಬಂದು ತನ್ನ ಮೊಬೈಲಿನಲ್ಲಿ ಒಂದು ಕತ್ತಿಯ ಚಿತ್ರವನ್ನು ತೋರಿಸಿದನು. ಗೇಣುದ್ದವೂ ಇಲ್ಲದ ಅಲಗು. ಹುಲಿಯುಗುರಿನಂತೆ ಅದರ ಬಾಗು. ಹಿಡಿಯ ತುದಿಯಲ್ಲಿ ಬೆರಳು ತೂರಿಸಲು ಒಂದು ಬಳೆ. ಅದಕ್ಕೆ ಕರಂಬಿತ್ ಎಂದು ಹೆಸರಂತೆ. “ಸಾರ್, ಇದನ್ನು ಇಷ್ಟು ಬಾಗಿಸಿರುವುದು ಏತಕ್ಕೆ? ಒಂದನ್ನು ತರಿಸಿಕೊಳ್ಳಬಹುದೆ?” ಎಂದು ಕೇಳಿದನು. ಹುಡುಗನು ರಾಗಿ ಬೆಳೆಯುವ ಮನೆಯವನು. ಅವನ ಮೊದಲನೆಯ ಪ್ರಶ್ನೆಗೆ ಉತ್ತರವು ಅವನ ಮನೆಯ ಸೂರಿನಲ್ಲಿಯೇ ಸಿಕ್ಕಿಸಿಟ್ಟಿದೆಯೆಂದು ನಾನು ಹೇಳಿದೆನು. ಅದು ಕುಡುಗೋಲು. ಎರಡನೆಯ ಪ್ರಶ್ನೆಗೆ ಉತ್ತರ ಹೇಳಲು ಸ್ವಲ್ಪ ಹೊತ್ತು ಬೇಕಾಯಿತು.

‘ಕುಡು’ ಎಂದರೆ ನಮ್ಮ ಹಳೆಯ ನುಡಿಯಲ್ಲಿ ಬಾಗಿದುದು, ಡೊಂಕಾದುದು. ಆಯುಧದ ಗುಣವನ್ನು ಹೆಸರೇ ಹೇಳುತ್ತದೆ. ಆದರೆ ಬಾಗಿನಲ್ಲಿ ಎರಡು ಬಗೆಯುಂಟು. ಕುದುರೆ ಸವಾರನ ಖಡ್ಗವೂ ಬಾಗಿದುದೇ. ಅದರ ಹರಿತವು ಹೊರಮೈಯಲ್ಲಿದೆ. ಓಡುವ ಕುದುರೆಯ ಮೇಲಿಂದ ಬೀಸಿದಾಗ ಅದು ತಗುಲಿ, ಸೀಳಿ, ಎಲ್ಲಿಯೂ ಸಿಕ್ಕಿಕೊಳ್ಳದೆ ಜಾರಿಹೋಗಬೇಕು. ಕುಡುಗೋಲಿನ ಹರಿತವಾದರೋ ಒಳಮೈಯಲ್ಲಿದೆ. ಜಾರಿಹೋಗಗೊಡದೆ ಹಿಡಿಯುವುದು ಅದರ ಕೆಲಸ. ನೇರವಾದ ಅಲಗನ್ನು ರಾಗಿಯ ತಾಳಿಗೆ ತಾಗಿಸಿದರೆ ತಾಳು ಬಾಗಿ ನುಣುಚಿಕೊಳ್ಳುವುದು. ಒಳಬಾಗಿನ ಅಲಗು ತಾಳುಗಳನ್ನು ತನ್ನ ತೆಕ್ಕೆಗೆ ಸೇರಿಸಿಕೊಂಡು, ಕೈ ಹಿಂದಕ್ಕೆ ಎಳೆದಂತೆಲ್ಲಾ ಒಳಒಳಗೆ ತಂದು ಕೊಯ್ಯುವುದು.

ಇನ್ನೊಂದು ಸಂಗತಿಯೂ ಇದೆ. ಮಾಗಿದ ಟೊಮೇಟೊ ಹಣ್ಣನ್ನು ಚಾಕುವಿನಿಂದ ನೇರವಾಗಿ ಅದುಮಿದರೆ ಅಪ್ಪಚ್ಚಿಯಾಗುವುದು. ಅಲಗನ್ನು ಎಳೆದರೆ ಹೋಳಾಗುವುದು. ಈಳಿಗೆಮಣೆಯ ಮುಂದೆ ಕುಳಿತವರೆಲ್ಲರಿಗೂ ಇದು ಗೊತ್ತು. ಕಾರಣವನ್ನು ಬೆಟ್ಟದ ದಾರಿಯಿಂದ ತಿಳಿಯಬಹುದು. ಮಲೆ ಮಹದೇಶ್ವರ ಬೆಟ್ಟಕ್ಕೆ ನೇರವಾಗಿ ಏರುವುದು ಕಡಿದು; ಬಳಸಿ ಬಳಸಿ ಓರೆಯಾಗಿ ಹೋಗುವ ದಾರಿಯಲ್ಲಿ ಏರು ಕಡಮೆ. ಅಲಗೆಂಬುದೂ ಒಂದು ಸಣ್ಣ ಇಳಿಜಾರೇ. ವಸ್ತುವು ಅದನ್ನು ಓರೆಯಾಗಿ ದಾಟಿದರೆ ಆ ಇಳಿಜಾರು ಇನ್ನೂ ತೆಳುವಾಗಿ ಎದುರಾಗುವುದು. ಅಂದರೆ ಅದೇ ಅಲಗು ಹೆಚ್ಚು ಹರಿತವಾದಂತೆ ನಡೆದುಕೊಳ್ಳುವುದು. ಬಾಗಿದ ಅಲಗಿನಲ್ಲಿ ಈ ಓರೆ ತಾನಾಗಿಯೇ ಬರುವುದು. ಆದುದರಿಂದಲೇ ಬಲವಿಲ್ಲದ ಕೈಯೂ ದಿನವೆಲ್ಲಾ ಕೊಯ್ಯಬಲ್ಲುದು.

ಹೊಲದ ಈ ಉಪಾಯವನ್ನು ಯೋಧನು ಎರವಲು ಪಡೆದನು. ನಮ್ಮ ನಾಡಿನಲ್ಲಿ ಇದಕ್ಕೆ ಉತ್ತಮ ನಿದರ್ಶನ ಕೊಡವರ ಒಡಿಕತ್ತಿ. ಅದರ ಹರಿತವು ಕುಡುಗೋಲಿನಂತೆ ಒಳಬಾಗಿನಲ್ಲಿದೆ. ಆದರೆ ಅಲಗು ತುದಿಯತ್ತ ಅಗಲವಾಗಿ, ಭಾರವೂ ಅತ್ತಲೇ ಸೇರಿ, ಏಟಿಗೆ ಕೊಡಲಿಯ ಬಲ ಬರುವುದು. ಒರೆಯಿಲ್ಲದೆ, ಬೆನ್ನ ಹಿಂದೆ ತೋಡಂಗ್ ಎಂಬ ಹಿತ್ತಾಳೆಯ ಕೊಂಡಿಯಲ್ಲಿ ಅದನ್ನು ಸಿಕ್ಕಿಸಿಕೊಳ್ಳುವರು. ಕಾಡಿನ ಪೊದೆ ಸವರುವುದಕ್ಕೂ ಹಗೆಯನ್ನು ಎದುರಿಸುವುದಕ್ಕೂ ಅದು ಒದಗುತ್ತಿದ್ದಿತು. ನೇಪಾಳದ ಕುಕ್ರಿಯೂ ಹೀಗೆಯೇ. ಸೌದೆ ಒಡೆಯುವ ಕತ್ತಿಯೇ ಗೂರ್ಖಾ ಸಿಪಾಯಿಯ ಗುರುತಾಯಿತು.

ವಿದ್ಯಾರ್ಥಿಯು ತೋರಿಸಿದ ಕರಂಬಿತ್ತು ಮಲಯ ದ್ವೀಪಗಳ ಕಡೆಯದು; ಸುಮಾತ್ರಾದ ಮಿನಂಗ್‌ಕಬಾವು ಜನರಲ್ಲಿ ಪ್ರಸಿದ್ಧವಾದುದು. ಬೇರು ಕೀಳುವ, ಪೈರು ಕೊಯ್ಯುವ ಚಿಕ್ಕ ಕತ್ತಿಯೇ ಅಲ್ಲಿ ಸಿಲಾಟ್ ಎಂಬ ಕಾಳಗದ ವಿದ್ಯೆಗೆ ಸೇರಿತೆಂದು ಹೇಳುವರು. ಬಳೆಯಲ್ಲಿ ಬೆರಳಿರುವುದರಿಂದ ಬೆವತ ಕೈಯಿಂದಲೂ ಅದು ಬೀಳದು. ಎದುರಾಳಿಯ ತೋಳನ್ನು ಕೊಕ್ಕೆಯಂತೆ ಹಿಡಿದು ಎಳೆಯುವುದೂ, ಎಳೆಯುತ್ತಲೇ ಕೊಯ್ಯುವುದೂ ಅದರ ವರಸೆ. ತಾಳಿನ ಸ್ಥಾನದಲ್ಲಿ ತೋಳು ಬಂದಿತೆಂಬುದಷ್ಟೇ ವ್ಯತ್ಯಾಸ.

ಇದರ ಆಕರ್ಷಣೆಯು ಯಾವುದು? ಮೊದಲನೆಯದು ಹುಲಿಯುಗುರಿನ ಹೋಲಿಕೆ. ಮಾದಪ್ಪನು ಹುಲಿಯ ಮೇಲೆ ಕುಳಿತಿರುವ ನಾಡಿನ ಹುಡುಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಗುರಿಲ್ಲದ ಮನುಷ್ಯನಿಗೆ ಉಗುರು ಮೂಡಿದಂತಾಗುವ ಹೆಮ್ಮೆ ಅದರಲ್ಲಿದೆ. ಎರಡನೆಯದು ರೂಪ, ಬಾಗಿದ ಗೆರೆಯು ನಿಂತಲ್ಲಿಯೇ ಚಲಿಸುವಂತೆ ಕಣ್ಣಿಗೆ ತೋರುವುದು. ಮೂರನೆಯದಾಗಿ, ಚಲನಚಿತ್ರಗಳೂ ಗಣಕಯಂತ್ರದ ಯುದ್ಧಕ್ರೀಡೆಗಳೂ ಈ ಕತ್ತಿಗೆ ಹೊಸ ಮೆರುಗನ್ನು ಕೊಟ್ಟಿವೆ. ಅಲ್ಲಿ ಅದು ಬೆರಳ ಸುತ್ತ ತಿರುಗುವುದು. ಗಾಯದ ನೋವು ಮಾತ್ರ ನೋಡುವವನಿಗೆ ತಟ್ಟದು.

ಆದರೆ ಇಷ್ಟು ಗಿಡ್ಡನೆಯ ಅಲಗು ಕೆಲಸ ಮಾಡಬೇಕಾದರೆ ಎದುರಾಳಿಯು ತೋಳಳತೆಯೊಳಗೆ ಬಂದಿರಬೇಕು. ಆಗ ನಾವೂ ಅವನ ತೋಳಳತೆಯೊಳಗೆ ಇರುವೆವು. ಓಡಿ ಪಾರಾಗುವ ಅವಕಾಶವು ಅಷ್ಟರಲ್ಲಿ ಕಳೆದಿರುವುದು. ಹಿಡಿದು ಎಳೆಯುವ ಆಯುಧವಾದ್ದರಿಂದ, ಹೆದರಿಸಿ ಬಿಡೋಣವೆಂದು ಹೊರತೆಗೆದದ್ದು ಆಳವಾದ ಗಾಯದಲ್ಲಿ ಕೊನೆಗೊಳ್ಳಬಹುದು. ಪಳಗದ ಕೈಯಲ್ಲಿ ಮೊದಲ ಗಾಯವು ಹಿಡಿದವನಿಗೇ ಆದೀತು.

ಕಾನೂನೂ ಈ ವಿವೇಚನೆಯನ್ನು ಮಾಡಿದೆ. 1959ರ ಆಯುಧ ಕಾಯಿದೆಯ ಕೆಳಗೆ ಬಂದ 2016ರ ನಿಯಮಗಳು, 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಕತ್ತಿಗಳನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಆದರೆ ಮನೆವಾರ್ತೆ, ಬೇಸಾಯ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವನ್ನು ಬಿಟ್ಟಿವೆ. ಕುಡುಗೋಲು ಎಷ್ಟೇ ಉದ್ದವಾಗಿರಲಿ, ಅದು ಬೇಸಾಯದ ಉಪಕರಣ. ಕರಂಬಿತ್ತು ಅಳತೆಯಲ್ಲಿ ಚಿಕ್ಕದಾಗಿದ್ದು ಆ ಮಿತಿಯಿಂದ ತಪ್ಪಿಸಿಕೊಂಡೀತು. ಆದರೆ ಅದನ್ನು ಜೇಬಿನಲ್ಲಿಟ್ಟುಕೊಂಡು ಪೇಟೆಗೆ ಹೊರಟವನು ‘ಇದು ಏತಕ್ಕೆ?’ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರನು.

ಈ ಪ್ರಶ್ನೆಯನ್ನು ಹಿರಿಯರು ಬೇರೊಂದು ರೀತಿಯಲ್ಲಿ ಬಗೆಹರಿಸಿದ್ದರು. ಕೊಡಗಿನಲ್ಲಿ ನಾಟಿಯ ಕೆಲಸ ಮುಗಿದ ಮೇಲೆ, ಕೈಲ್‌ಪೊಳ್ದ್ ಹಬ್ಬದಂದು ಆಯುಧಗಳಿಗೆ ಹೂ ಮುಡಿಸಿ ಪೂಜಿಸುವರು. ಮದುವೆಯಲ್ಲಿ ಒಡಿಕತ್ತಿಯು ಕಡಿಯುವುದು ನೆಟ್ಟ ಬಾಳೆಯ ದಿಂಡನ್ನು. ಶೌರ್ಯಕ್ಕೂ ಅವಕಾಶವಾಯಿತು, ಯಾರಿಗೂ ಗಾಯವಾಗಲಿಲ್ಲ. ನಮ್ಮ ಕಡೆಯಲ್ಲಿಯೂ ಆಯುಧಪೂಜೆಯ ದಿನ ಕುಡುಗೋಲು, ಮಚ್ಚು, ನೇಗಿಲುಗಳಿಗೆ ವಿಭೂತಿ ಕುಂಕುಮಗಳುಂಟು.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: “ಆ ವಿದ್ಯೆಯಲ್ಲಿ ಆಸೆಯಿದ್ದರೆ ಗುರುವನ್ನು ಹುಡುಕಿಕೊಂಡು, ಮರದ ಕತ್ತಿಯಿಂದ ಕಲಿ. ಬಾಗಿನ ಮರ್ಮ ತಿಳಿಯಬೇಕಾದರೆ ಈ ಸುಗ್ಗಿಯಲ್ಲಿ ತಾತನ ಜೊತೆ ಒಂದು ಸಾಲು ರಾಗಿ ಕೊಯ್ದು ನೋಡು. ಕತ್ತಿಯನ್ನು ಮಾತ್ರ ತರಿಸಬೇಡ.”

ಅವನು ನಗುತ್ತಾ ಮೊಬೈಲನ್ನು ಜೇಬಿಗೆ ಸೇರಿಸಿದನು. ಸುಗ್ಗಿ ಕಳೆದ ಮೇಲೆ ಬಂದಾಗ ಅಂಗೈಯಲ್ಲಿ ಎದ್ದ ಬೊಬ್ಬೆಯನ್ನು ತೋರಿಸಿ, “ತಾತ ಎಳೆಯುವುದೇ ಕಾಣುವುದಿಲ್ಲ, ಸಾರ್” ಎಂದನು.