ಗಣಕಯಂತ್ರದ ಸಂಪನ್ಮೂಲಕ್ಷಯ: 64 ಕಿಲೋಬೈಟುಗಳ ಒಂದು ಪ್ರಕರಣ

ವಿಂಡೋಸ್ 3.1 (1992) ಬಳಸುತ್ತಿದ್ದ ಗಣಕಯಂತ್ರಗಳಲ್ಲಿ ಒಂದು ವಿಚಿತ್ರ ಸಂಗತಿ ಕಂಡುಬರುತ್ತಿತ್ತು. ಬೆಳಿಗ್ಗೆ ಸರಾಗವಾಗಿ ಸಾಗಿದ ಕೆಲಸ ಸಂಜೆಯ ವೇಳೆಗೆ ಕುಂಟತೊಡಗುತ್ತಿತ್ತು. ಮೆನುಗಳು ಅರೆಬರೆಯಾಗಿ ಮೂಡುತ್ತಿದ್ದವು. ಕೊನೆಗೆ ಮೆಮೊರಿ ಸಾಲದೆಂಬ ಸೂಚನೆ ಬರುತ್ತಿತ್ತು. ಯಂತ್ರದಲ್ಲಿ ಹಲವು ಮೆಗಾಬೈಟುಗಳು ಖಾಲಿಯಾಗಿಯೇ ಉಳಿದಿದ್ದರೂ ಹೀಗಾಗುತ್ತಿತ್ತು. ಆ ಸೂಚನೆಯನ್ನು ನಂಬಿ ಹೆಚ್ಚಿನ ಮೆಮೊರಿಯನ್ನು ಕೊಂಡವರಿಗೆ ಹಣ ವ್ಯಯವಾಗುತ್ತಿತ್ತೇ ಹೊರತು ತೊಂದರೆ ತಪ್ಪುತ್ತಿರಲಿಲ್ಲ. ಸೂಚನೆಯ ಪದಪ್ರಯೋಗವೇ ದಾರಿತಪ್ಪಿಸುವಂತಹುದಾಗಿತ್ತು ಎನ್ನಬೇಕು.

ಕಾರಣ ಬೇರೆಡೆ ಇತ್ತು. ಕಿಟಕಿ, ಮೆನು, ಗುಂಡಿ ಮುಂತಾದವುಗಳ ಲೆಕ್ಕವಿಡುತ್ತಿದ್ದ ಅಂಗ 'ಯೂಸರ್'. ಫಾಂಟು, ಲೇಖನಿ, ಕುಂಚಗಳಂತಹ ಚಿತ್ರಣಸಾಧನಗಳನ್ನು ನೋಡಿಕೊಳ್ಳುತ್ತಿದ್ದುದು 'ಜಿಡಿಐ'. ಇವುಗಳ ಉಗ್ರಾಣಗಳು 16 ಬಿಟ್‌ಗಳ ವಿಳಾಸಪದ್ಧತಿಗೆ ಬದ್ಧವಾಗಿದ್ದವು. 16 ಬಿಟ್‌ಗಳಿಂದ 65,536 ಬೈಟುಗಳನ್ನಷ್ಟೇ ಗುರುತಿಸಬಹುದಾದುದರಿಂದ ಯಾವ ಉಗ್ರಾಣವೂ 64 ಕಿಲೋಬೈಟುಗಳನ್ನು ಮೀರುವಂತಿರಲಿಲ್ಲ. ತೆರೆದ ತಂತ್ರಾಂಶಗಳೆಲ್ಲವೂ ಅಷ್ಟನ್ನೇ ಹಂಚಿಕೊಳ್ಳಬೇಕಾಗಿತ್ತು. ಪ್ರೋಗ್ರಾಂ ಮ್ಯಾನೇಜರು 'ಸಿಸ್ಟಂ ರಿಸೋರ್ಸಸ್' ಎಂದು ತೋರಿಸುತ್ತಿದ್ದ ಶೇಕಡಾಂಕ ಈ ಉಗ್ರಾಣಗಳದು, ಒಟ್ಟು ಮೆಮೊರಿಯದಲ್ಲ.

ಇನ್ನು ಸೋರಿಕೆಯ ವಿಚಾರ. ತಂತ್ರಾಂಶವೊಂದು ಫಾಂಟನ್ನು ಬೇಡಿದಾಗ ವ್ಯವಸ್ಥೆಯು ಅದಕ್ಕೊಂದು ಗುರುತುಸಂಖ್ಯೆಯನ್ನು ಕೊಡುತ್ತದೆ. ಗ್ರಂಥಾಲಯದಿಂದ ಎರವಲು ತಂದ ಪುಸ್ತಕದಂತೆ, ಬಳಕೆ ಮುಗಿದೊಡನೆ ಅದನ್ನು ಹಿಂದಿರುಗಿಸಬೇಕು. ಹಿಂದಿರುಗಿಸುವ ಒಂದು ಸಾಲಿನ ಆದೇಶವನ್ನು ಬರೆಯಲು ತಂತ್ರಾಂಶಕಾರನು ಮರೆತನೆಂದರೆ, ತೆರೆಯ ಮೇಲೆ ಪುಟ ಹೊಸದಾಗಿ ಮೂಡಿದಾಗಲೆಲ್ಲ ಕೆಲವು ಬೈಟುಗಳು ಸಿಕ್ಕಿಕೊಳ್ಳುತ್ತವೆ. ಒಂದು ಬಾರಿಯ ನಷ್ಟ ಗಣನೆಗೆ ಬಾರದು. ಆದರೆ ಪಾಠಾಂತರಗಳನ್ನು ಹೋಲಿಸುತ್ತ ದಿನವಿಡೀ ಪುಟ ಮಗುಚುವ ಸಂಶೋಧಕನ ಯಂತ್ರದಲ್ಲಿ ಉಗ್ರಾಣ ಬರಿದಾಗಲು ತಡವಾಗದು. ಉಳಿಸದ ಕೆಲಸವೂ ಅದರೊಡನೆ ಹೋಗುತ್ತದೆ. ವಿಂಡೋಸ್ 3.1ರಲ್ಲಂತೂ ತಪ್ಪಿತಸ್ಥ ತಂತ್ರಾಂಶವನ್ನು ಮುಚ್ಚಿದರೂ ಹೀಗೆ ಉಳಿದ ಚಿತ್ರಣಸಾಧನಗಳು ಮರಳುತ್ತಿರಲಿಲ್ಲ. ವಿಂಡೋಸನ್ನೇ ಪುನಃ ಆರಂಭಿಸಬೇಕಾಗಿತ್ತು.

ವಿಂಡೋಸ್ 95ರಲ್ಲಿ ಇವುಗಳ ಬಹುಭಾಗ 32 ಬಿಟ್‌ಗಳ ಉಗ್ರಾಣಗಳಿಗೆ ಸ್ಥಳಾಂತರಗೊಂಡಿತು. ಎನ್‌ಟಿ ಪರಂಪರೆಗೆ ಸೇರಿದ ಎಕ್ಸ್‌ಪಿ (2001) ಬಂದಾಗ ಹಳೆಯ ಮಿತಿ ಗೃಹಬಳಕೆಯ ಯಂತ್ರಗಳಿಂದಲೂ ಅಳಿಯಿತು. ಆದರೂ ಮಿತಿಯೇ ಇಲ್ಲವೆಂದಲ್ಲ: ಇಂದಿನ ವಿಂಡೋಸಿನಲ್ಲಿಯೂ ಒಂದು ಪ್ರಕ್ರಿಯೆ ಹೊಂದಬಹುದಾದ ಜಿಡಿಐ ವಸ್ತುಗಳ ಸಂಖ್ಯೆ ಸಾಮಾನ್ಯವಾಗಿ 10,000. ಸೋರುವ ತಂತ್ರಾಂಶ ಅದನ್ನೂ ಮುಟ್ಟಬಲ್ಲುದು.

ಟಾಸ್ಕ್ ಮ್ಯಾನೇಜರಿನ ವಿವರಪಟ್ಟಿಗೆ 'ಜಿಡಿಐ ಆಬ್ಜೆಕ್ಟ್ಸ್' ಎಂಬ ಕಾಲಮನ್ನು ಸೇರಿಸಿಕೊಂಡು, ಒಂದೇ ಕೆಲಸವನ್ನು ಹತ್ತಾರು ಬಾರಿ ಮಾಡಿ ನೋಡಬಹುದು. ಪ್ರತಿಬಾರಿಯೂ ಸಂಖ್ಯೆ ಏರಿ ಇಳಿಯದಿದ್ದರೆ ಅಲ್ಲಿಯೇ ಸೋರಿಕೆಯಿದೆ. ಬರಿಯ ದೊಡ್ಡ ಸಂಖ್ಯೆ ದೋಷವಲ್ಲ. ಮತ್ತೆ ಬೇಕಾದೀತೆಂದು ವಸ್ತುಗಳನ್ನು ಕೈಯಲ್ಲಿ ಉಳಿಸಿಕೊಳ್ಳುವ ತಂತ್ರಾಂಶಗಳೂ ಉಂಟು. ಸೋರಿಕೆ ಖಚಿತವಾದರೆ ಕಡತವನ್ನು ಉಳಿಸಿ ಆ ಒಂದು ತಂತ್ರಾಂಶವನ್ನು ಮುಚ್ಚಿ ತೆರೆದರಾಯಿತು. ಪ್ರಕ್ರಿಯೆ ಮುಗಿದೊಡನೆ ಅದರ ವಸ್ತುಗಳನ್ನು ವ್ಯವಸ್ಥೆಯೇ ಹಿಂಪಡೆಯುತ್ತದೆ.