ಮೂರು ಬಾಣಗಳು ಮೂಡುವ ಮುನ್ನ

ಟರ್ಮಿನಲ್‌ನಲ್ಲಿ ಪೈಥಾನ್ ತೆರೆದರೆ ಆವೃತ್ತಿಯ ವಿವರ ಹೇಳುವ ಒಂದೆರಡು ಸಾಲು ಕಾಣುತ್ತದೆ, ಕೆಳಗೆ ಬಾಣದ ಮೊನೆಯಂಥ ಮೂರು ಗುರುತು: >>>. ಇದೇ ಪ್ರಾಂಪ್ಟ್. ಇಲ್ಲಿ ಇಡೀ ಪ್ರೋಗ್ರಾಂ ಬರೆದು ಮುಗಿಸುವವರೆಗೆ ಕಾಯಬೇಕಿಲ್ಲ. ಒಂದು ಸಾಲು ಬರೆದರೆ ಆ ಸಾಲಿಗೇ ಉತ್ತರ ಬರುತ್ತದೆ. ಹೊಸದಾಗಿ ಕಲಿಯುವವರಿಗೆ ಇಷ್ಟು ತಾಳ್ಮೆಯ ಮೇಷ್ಟ್ರು ಸಿಗುವುದು ಕಷ್ಟ.

ಆದರೆ ಕಿಟಕಿ ಮುಚ್ಚಿದೊಡನೆ ಮೇಷ್ಟ್ರಿಗೆ ಎಲ್ಲ ಮರೆತುಹೋಗುತ್ತದೆ. ಮರುದಿನ ಗಣಿತದ ಮಾಡ್ಯೂಲನ್ನು ಮತ್ತೆ ಇಂಪೋರ್ಟ್ ಮಾಡಬೇಕು, ನಿನ್ನೆಯ ಪುಟ್ಟ ಫಂಕ್ಷನ್ ಮತ್ತೆ ಬರೆಯಬೇಕು. ದಿನಾ ಅವೇ ನಾಲ್ಕು ಸಾಲು.

ಇದಕ್ಕೆ ಪೈಥಾನ್‌ನಲ್ಲೇ ದಾರಿಯಿದೆ. ಪೈಥಾನ್‌ಸ್ಟಾರ್ಟಪ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ಲಿಗೆ (ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು) ನಿಮ್ಮದೊಂದು ಫೈಲಿನ ವಿಳಾಸ ಕೊಟ್ಟರೆ ಸಾಕು. ಮೊದಲ ಪ್ರಾಂಪ್ಟ್ ಮೂಡುವ ಮುನ್ನ ಆ ಫೈಲಿನ ಸಾಲುಗಳೆಲ್ಲ ನಡೆದಿರುತ್ತವೆ. ನೀವೇ ಪ್ರಾಂಪ್ಟಿನಲ್ಲಿ ಕೂತು ಟೈಪ್ ಮಾಡಿದ್ದರೆ ಹೇಗೋ ಹಾಗೆ, ಅಲ್ಲಿನ ಹೆಸರುಗಳೆಲ್ಲ ನೇರವಾಗಿ ಕೈಗೆ ಸಿಗುತ್ತವೆ.

ಇದೇ ಫೈಲಿನಲ್ಲಿ ಪ್ರಾಂಪ್ಟಿನ ರೂಪವನ್ನೂ ಬದಲಿಸಬಹುದು. ಸಿಸ್ ಮಾಡ್ಯೂಲಿನ ಪಿಎಸ್1 ಎಂಬ ಹೆಸರಿನಲ್ಲಿ ಆ ಮೂರು ಗುರುತು ಕೂತಿರುತ್ತವೆ. ಅಲ್ಲಿ ‘ಹೇಳು’ ಎಂದು ಬರೆದರೆ ಪೈಥಾನ್ ಕನ್ನಡದಲ್ಲೇ ಕೇಳುತ್ತದೆ. ಬರೀ ಅಕ್ಷರಗಳ ಬದಲು ಒಂದು ಆಬ್ಜೆಕ್ಟನ್ನು ಅಲ್ಲಿಟ್ಟರೆ ಪ್ರತಿ ಸಲವೂ ಅದನ್ನು ಹೊಸದಾಗಿ ಲೆಕ್ಕಹಾಕುವುದರಿಂದ ಪ್ರಾಂಪ್ಟಿನಲ್ಲಿ ಗಡಿಯಾರವನ್ನೇ ಓಡಿಸಬಹುದು. ಉತ್ತರ ಮುದ್ರಿಸುವ ಕೆಲಸ ಡಿಸ್‌ಪ್ಲೇಹುಕ್ ಎಂಬ ಫಂಕ್ಷನ್ನಿನದು. ಅದನ್ನು ಬದಲಿಸಿ ಅಂಕಿಗಳನ್ನು ೧, ೨, ೩ ಎಂದು ತೋರಿಸುವುದು ಕೆಲವೇ ಸಾಲಿನ ಕೆಲಸ. ಮಕ್ಕಳಿಗೆ ಕಲಿಸುವವರು ಇದನ್ನೊಮ್ಮೆ ಮಾಡಿ ನೋಡಬೇಕು.

ಈ ಪುಟ್ಟ ಫೈಲಿನಿಂದ ದೊಡ್ಡದೊಂದು ಬೆಳೆದದ್ದೂ ಉಂಟು. 2001ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ ಫೆರ್ನಾಂಡೊ ಪೆರೆಜ್, ಪ್ರಬಂಧ ಬರೆದು ಮುಗಿಸಬೇಕಾದ ಹೊತ್ತಿನಲ್ಲಿ ಪೈಥಾನ್‌ನ ಪ್ರಾಂಪ್ಟ್ ತಿದ್ದುತ್ತ ಕೂತರು. ಮ್ಯಾಥಮ್ಯಾಟಿಕಾ ಎಂಬ ಗಣಿತದ ತಂತ್ರಾಂಶದಲ್ಲಿ ಇದ್ದಂತೆ ಪ್ರತಿ ಪ್ರಶ್ನೆಗೂ ಉತ್ತರಕ್ಕೂ ಕ್ರಮಸಂಖ್ಯೆ ಬೇಕಿತ್ತು ಅವರಿಗೆ. ಹಾಗೆ ಹುಟ್ಟಿದ ಐಪೈಥಾನ್‌ನ ಮೊದಲ ರೂಪ 259 ಸಾಲಿನ ಒಂದು ಸ್ಟಾರ್ಟಪ್ ಫೈಲ್, ಅಷ್ಟೇ. ಅದೇ ಬೆಳೆದು ನೋಟ್‌ಬುಕ್ ಆಯಿತು, 2014ರಲ್ಲಿ ಜುಪಿಟರ್ ಎಂಬ ಯೋಜನೆಯಾಯಿತು, 2017ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ಪಡೆಯಿತು. ಇಂದು ಡೇಟಾ ಸೈನ್ಸ್ ಕಲಿಯುವ ವಿದ್ಯಾರ್ಥಿಗಳು ಶಿಫ್ಟ್ ಎಂಟರ್ ಒತ್ತುವಾಗ ಕಾಣುವ ಆ ಕ್ರಮಸಂಖ್ಯೆ ಅಲ್ಲಿಂದ ಬಂದದ್ದು.

ಮೂಲ ಪೈಥಾನ್ ಕೂಡ ಜನರ ಫೈಲುಗಳಿಂದ ಕಲಿತಿದೆ. ಟ್ಯಾಬ್ ಒತ್ತಿದರೆ ಹೆಸರು ಪೂರ್ತಿಯಾಗಲಿ, ಹಿಂದೆ ಬರೆದ ಸಾಲುಗಳು ಮುಂದಿನ ಸಲಕ್ಕೂ ಉಳಿಯಲಿ ಎಂದು ಜನ ಒಂದು ಕಾಲಕ್ಕೆ ಈ ಫೈಲಿನಲ್ಲಿ ತಾವೇ ಬರೆದುಕೊಳ್ಳುತ್ತಿದ್ದರು. 2014ರ 3.4ನೇ ಆವೃತ್ತಿಯಿಂದ ಅದು ತಾನಾಗಿಯೇ ಸಿಗುತ್ತದೆ.

ಒಂದು ಎಚ್ಚರಿಕೆಯನ್ನು ಅನುಭವದಿಂದಲೇ ಹೇಳುತ್ತೇನೆ. ಗಣಿತದ ಮಾಡ್ಯೂಲನ್ನು ನನ್ನ ಸ್ಟಾರ್ಟಪ್ ಫೈಲಿನಲ್ಲಿ ಇಟ್ಟಿದ್ದೆ. ಪ್ರಾಂಪ್ಟಿನಲ್ಲಿ ಸರಿಯಾಗಿ ನಡೆದ ಸಾಲುಗಳನ್ನು ಒಂದು ಫೈಲಿಗೆ ಹಾಕಿ ಗೆಳೆಯನಿಗೆ ಕಳಿಸಿದೆ. ಅವನ ಕಂಪ್ಯೂಟರಿನಲ್ಲಿ ಮೊದಲ ಸಾಲಿಗೇ ‘ಈ ಹೆಸರು ಗೊತ್ತಿಲ್ಲ’ ಎಂಬ ದೋಷ. ನನ್ನಲ್ಲೂ ಆ ಫೈಲನ್ನೇ ಓಡಿಸಿದಾಗ ಅದೇ ಗತಿ. ಪ್ರೋಗ್ರಾಂ ಓಡುವಾಗ ಪೈಥಾನ್ ಸ್ಟಾರ್ಟಪ್ ಫೈಲಿನತ್ತ ನೋಡುವುದೇ ಇಲ್ಲ. ಪ್ರತಿ ಪ್ರೋಗ್ರಾಮಿನ ಮುಂಚೆಯೂ ನಡೆಯುವ ಸೈಟ್‌ಕಸ್ಟಮೈಸ್ ಎಂಬ ಇನ್ನೊಂದು ಮಾಡ್ಯೂಲ್ ಇದೆ, ಆದರೆ ಇಂಪೋರ್ಟ್ ಮರೆತದ್ದಕ್ಕೆ ಅದು ಮದ್ದಲ್ಲ; ಗೆಳೆಯನ ಕಂಪ್ಯೂಟರಿನಲ್ಲಿ ಅದೂ ಇರುವುದಿಲ್ಲವಲ್ಲ.

ಈಗ ಯಾರಿಗಾದರೂ ಕಳಿಸುವ ಮುನ್ನ ಪೈಥಾನ್ ಆಜ್ಞೆಯ ಪಕ್ಕ ಅಡ್ಡಗೆರೆ ಎಳೆದು ದೊಡ್ಡಕ್ಷರದ ‘ಇ’ ಹಾಕಿ ತೆರೆಯುತ್ತೇನೆ. ಆಗ ಅದು ಪೈಥಾನ್‌ಗೆಂದೇ ಇರುವ ಎನ್ವಿರಾನ್ಮೆಂಟ್ ವೇರಿಯಬಲ್‌ಗಳನ್ನು ಬದಿಗಿಡುತ್ತದೆ. ನನ್ನ ‘ಹೇಳು’ ಇರುವುದಿಲ್ಲ, ಮೂರು ಬಾಣಗಳಷ್ಟೇ ಇರುತ್ತವೆ. ಅಲ್ಲಿ ಎಲ್ಲವನ್ನೂ ಮೊದಲಿನಿಂದ ಟೈಪ್ ಮಾಡಿ ನೋಡುತ್ತೇನೆ.